ಸ್ಕ್ರೀನ್ ರೆಕಾರ್ಡಿಂಗ್ ಪಾಠಗಳು: ಸಿದ್ಧಪಡಿಸುವ ಮತ್ತು ತರಗತಿಯಲ್ಲಿ ಬಳಸುವ ಕ್ರಮ

ಕಂಪ್ಯೂಟರ್ ಲ್ಯಾಬಿನಲ್ಲಿ ಪಾಠ ಮಾಡುವವರಿಗೆಲ್ಲ ಒಂದು ತೊಡಕು ಚೆನ್ನಾಗಿ ಗೊತ್ತಿರುತ್ತದೆ. ಪ್ರೊಜೆಕ್ಟರಿನ ಮೇಲೆ ನಾವು ಒಂದು ಕೆಲಸವನ್ನು ಮಾಡಿ ತೋರಿಸುತ್ತಿರುವಾಗ ಮುಂದಿನ ಸಾಲಿನ ನಾಲ್ಕಾರು ಮಂದಿ ನಮ್ಮ ಜೊತೆಗೇ ಬರುತ್ತಾರೆ. ಹಿಂದಿನ ಸಾಲಿನಲ್ಲಿ ಒಂದೇ ಯಂತ್ರದ ಮುಂದೆ ಕುಳಿತ ಇಬ್ಬರು ಒಂದು ಕ್ಲಿಕ್ಕನ್ನು ಗಮನಿಸದೆ ಹೋದರೆ ಅಲ್ಲಿಂದ ಮುಂದಿನದೆಲ್ಲ ಅವರ ಕೈತಪ್ಪಿ ಹೋಗುತ್ತದೆ. ಎಲ್ಲರೆದುರು ಕೈಯೆತ್ತಿ 'ಇನ್ನೊಂದ್ಸಲ ತೋರಿಸ್ರಿ ಸರ್' ಎಂದು ಕೇಳುವ ಧೈರ್ಯ ಬಹಳಷ್ಟು ಮಕ್ಕಳಿಗೆ ಇರುವುದಿಲ್ಲ. ದಾವಣಗೆರೆಯಂಥ ಊರಿನಲ್ಲಿ ಇದಕ್ಕೆ ಮತ್ತೊಂದು ಕಾರಣವೂ ಸೇರಿಕೊಳ್ಳುತ್ತದೆ. ಇಲ್ಲಿನ ಕಾಲೇಜುಗಳಿಗೆ ಜಗಳೂರು, ಚನ್ನಗಿರಿ, ಹೊನ್ನಾಳಿ, ಹರಿಹರ ಕಡೆಯ ಹಳ್ಳಿಗಳಿಂದ ದಿನವೂ ಬಸ್ಸಿನಲ್ಲಿ ಬಂದು ಹೋಗುವ ಮಕ್ಕಳಿದ್ದಾರೆ. ಮೊದಲ ಅವಧಿಗೆ ತಡವಾಗುವವರೂ ಕೊನೆಯ ಅವಧಿಯನ್ನು ಅರ್ಧಕ್ಕೆ ಬಿಟ್ಟು ಬಸ್ ನಿಲ್ದಾಣಕ್ಕೆ ಓಡಬೇಕಾದವರೂ ಅವರೇ. ಹೊಲದಲ್ಲಿ ಕೊಯ್ಲು ಶುರುವಾದರೆ ಅವರ ಹಾಜರಿ ಇನ್ನಷ್ಟು ಇಳಿಯುತ್ತದೆ.

ಇಂಥವರಿಗೆ ಸ್ಕ್ರೀನ್ ರೆಕಾರ್ಡಿಂಗ್ ಪಾಠ, ಅಂದರೆ ಕಂಪ್ಯೂಟರಿನ ಅಥವಾ ಮೊಬೈಲಿನ ಪರದೆಯ ಮೇಲೆ ನಡೆಯುವ ಕೆಲಸವನ್ನು ನಮ್ಮ ವಿವರಣೆಯ ಸಮೇತ ಹಾಗೆಯೇ ಮುದ್ರಿಸಿಕೊಂಡ ವಿಡಿಯೊ, ನಿಜವಾಗಿಯೂ ನೆರವಾಗುತ್ತದೆ. ಅಮೆರಿಕದ ಕೊಲರಾಡೊ ರಾಜ್ಯದ ವುಡ್‌ಲ್ಯಾಂಡ್ ಪಾರ್ಕ್ ಎಂಬಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜೋನಥನ್ ಬರ್ಗ್‌ಮನ್ ಮತ್ತು ಆರನ್ ಸ್ಯಾಮ್ಸ್ ಎಂಬ ಇಬ್ಬರು ಶಿಕ್ಷಕರು 2007ರ ಸುಮಾರಿಗೆ ತಮ್ಮ ಪಾಠಗಳನ್ನು ಹೀಗೆ ಮುದ್ರಿಸಿಕೊಳ್ಳಲು ತೊಡಗಿದ್ದು ಇದೇ ಬಗೆಯ ಕಾರಣಕ್ಕೆ: ಆಟೋಟಗಳಿಗಾಗಿ ದೂರದ ಊರುಗಳಿಗೆ ಹೋಗುತ್ತಿದ್ದ ಮಕ್ಕಳಿಗೆ ತರಗತಿಗಳು ತಪ್ಪಿಹೋಗುತ್ತಿದ್ದವು. ವಿಡಿಯೊವನ್ನು ಮನೆಯಲ್ಲಿ ನೋಡಿ ಬಂದು ತರಗತಿಯಲ್ಲಿ ಅಭ್ಯಾಸ ಮಾಡುವ ಪದ್ಧತಿ ಜಗತ್ತಿನಾದ್ಯಂತ ಹೆಸರಾಗಲು ಅವರ ಆ ಪ್ರಯತ್ನ ಒಂದು ದೊಡ್ಡ ಕಾರಣವಾಯಿತು.

ಆದರೆ ಈ ಮಾರ್ಗದರ್ಶಿಯ ಉದ್ದಕ್ಕೂ ನಾನು ಒತ್ತಿ ಹೇಳಬೇಕೆಂದಿರುವ ಮಾತು ಒಂದೇ. ಕೆಲಸವನ್ನು ಕಲಿಸುವ ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ನೋಡಿಸಿಕೊಂಡು ಹೋಗುವಂತೆ ಮಾಡಬಾರದು. ವಿದ್ಯಾರ್ಥಿಯು ಅದನ್ನು ನಿಲ್ಲಿಸಿ, ತನ್ನ ಯಂತ್ರದಲ್ಲಿ ಅದೇ ಹೆಜ್ಜೆಯನ್ನು ಮಾಡಿ, ಉತ್ತರವನ್ನು ಹೋಲಿಸಿ ನೋಡಿ ಮುಂದುವರಿಯುವಂತೆ ಮಾಡಬೇಕು. ವಿಡಿಯೊದ ಉದ್ದ, ಅಕ್ಷರಗಳ ಗಾತ್ರ, ಮಾತಿನ ಗತಿ, ತರಗತಿಯಲ್ಲಿ ಅದನ್ನು ಬಳಸುವ ಕ್ರಮ ಇವೆಲ್ಲವನ್ನೂ ಈ ಒಂದು ಉದ್ದೇಶವೇ ನಿರ್ಧರಿಸಬೇಕು.

ಯಾವ ಪಾಠಕ್ಕೆ ಇದು ಒಗ್ಗುತ್ತದೆ

ಪರದೆಯ ಮೇಲೆಯೇ ನಡೆಯುವ, ಹೆಜ್ಜೆಹೆಜ್ಜೆಯಾಗಿ ಬಿಡಿಸಿ ಹೇಳಬಹುದಾದ ಕೆಲಸಗಳಿಗೆ ಇದು ಹೇಳಿ ಮಾಡಿಸಿದ ಸಾಧನ: ಎಕ್ಸೆಲ್ ಅಥವಾ ಲಿಬ್ರೆ ಆಫೀಸ್ ಕ್ಯಾಲ್ಕಿನ ಲೆಕ್ಕ, ಟ್ಯಾಲಿಯ ವೋಚರ್, ನುಡಿ ಎಂಬ ತಂತ್ರಾಂಶದಲ್ಲಿ ಕನ್ನಡ ಟೈಪಿಂಗ್, ಪ್ರೋಗ್ರಾಮಿಂಗಿನ ಮೊದಲ ಪಾಠಗಳು, ಜಿಯೊಜೀಬ್ರಾದಲ್ಲಿ ರೇಖಾಗಣಿತ, ವಿದ್ಯಾರ್ಥಿವೇತನದ ಆನ್‌ಲೈನ್ ಅರ್ಜಿ ತುಂಬುವ ವಿಧಾನ. ಚರ್ಚೆಯಿಂದ ಬೆಳೆಯಬೇಕಾದ ವಿಷಯಗಳಿಗೆ, ಪ್ರಯೋಗಾಲಯದಲ್ಲಿ ಕೈಯಾರೆ ಮುಟ್ಟಿ ಕಲಿಯಬೇಕಾದ ವಿಷಯಗಳಿಗೆ ಇದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಪಠ್ಯಪುಸ್ತಕದ ಪುಟವನ್ನು ಪರದೆಯ ಮೇಲಿಟ್ಟು ಓದಿ ಮುದ್ರಿಸುವುದಂತೂ ಬೇಡವೇ ಬೇಡ. ಪುಸ್ತಕವನ್ನು ವಿದ್ಯಾರ್ಥಿ ತನ್ನ ವೇಗದಲ್ಲಿಯೇ ಓದಿಕೊಳ್ಳಬಲ್ಲ.

ಮೊದಲು ಬರಹ, ಆಮೇಲೆ ರೆಕಾರ್ಡಿಂಗ್

ರೆಕಾರ್ಡ್ ಗುಂಡಿಯನ್ನು ಒತ್ತಿ, ಬಾಯಿಗೆ ಬಂದಂತೆ ಮಾತಾಡುತ್ತ ಹೋದರೆ ಐದು ನಿಮಿಷದ ಪಾಠ ಹದಿನೈದು ನಿಮಿಷವಾಗುತ್ತದೆ, ಮಧ್ಯದಲ್ಲಿ 'ಇದಲ್ಲ, ತಡೆಯಿರಿ, ಇನ್ನೊಂದು ಮೆನು' ಎಂಬ ಮಾತುಗಳು ತುಂಬಿಕೊಳ್ಳುತ್ತವೆ. ಆದ್ದರಿಂದ ಒಂದು ಹಾಳೆಯನ್ನು ಎರಡು ಕಾಲಂ ಮಾಡಿ, ಎಡಗಡೆ ಪರದೆಯ ಮೇಲೆ ನಡೆಯುವ ಕ್ರಿಯೆಯನ್ನೂ ಬಲಗಡೆ ಅದೇ ಹೊತ್ತಿಗೆ ಆಡುವ ಮಾತನ್ನೂ ಬರೆದುಕೊಳ್ಳುವುದು ಒಳ್ಳೆಯದು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ, ಪ್ರೊಫೆಸರ್ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದಲ್ಲಿ, ಸುಮಾರು 10 ನಿಮಿಷಗಳ ನೂರಾರು ಪಾಠಗಳನ್ನು ಇಂಥದೇ ಶಿಸ್ತಿನಿಂದ ಸಿದ್ಧಪಡಿಸಿ, ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಿಗೆ ಧ್ವನಿ ಕೊಡಿಸಿದ್ದಾರೆ. ಆ ಯೋಜನೆಯಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶವೆಂದರೆ, ವಿಷಯ ಗೊತ್ತಿಲ್ಲದ ಹೊಸಬರೊಬ್ಬರು ಬರಹವನ್ನು ಹಿಡಿದು ಹೆಜ್ಜೆಹೆಜ್ಜೆಯಾಗಿ ಮಾಡಿ ನೋಡಿದ ಮೇಲಷ್ಟೇ ಪಾಠ ರೆಕಾರ್ಡಿಂಗಿಗೆ ಹೋಗುತ್ತದೆ. ನಾವೂ ಹಾಗೆಯೇ ಮಾಡಬಹುದು. ಹಿಂದಿನ ಸಾಲಿನ ಒಬ್ಬ ವಿದ್ಯಾರ್ಥಿನಿಗೆ ಬರಹವನ್ನು ಕೊಟ್ಟು, ನಾವು ಬಾಯಿ ಬಿಡದೆ ಪಕ್ಕದಲ್ಲಿ ನಿಂತರೆ ಸಾಕು. ಆಕೆಯ ಕೈ ಎಲ್ಲಿ ನಿಲ್ಲುತ್ತದೆಯೋ ಅಲ್ಲಿ ಒಂದು ಹೆಜ್ಜೆಯನ್ನು ನಾವು ನುಂಗಿಹಾಕಿದ್ದೇವೆ ಎಂದು ಅರ್ಥ.

ಒಂದು ಉದಾಹರಣೆಯನ್ನು ಪೂರ್ತಿಯಾಗಿ ಬಿಡಿಸಿ ನೋಡೋಣ. ಲೆಕ್ಕದ ಹಾಳೆಯಲ್ಲಿ ಮಕ್ಕಳಿಗೆ ಅತ್ಯಂತ ಕಷ್ಟವಾಗುವ ವಿಷಯಗಳಲ್ಲಿ ಡಾಲರ್ ಚಿಹ್ನೆಯೂ ಒಂದು, ಅಂದರೆ ಸೂತ್ರವನ್ನು ಕೆಳಗೆಳೆದಾಗ ಒಂದು ಸೆಲ್ಲಿನ ವಿಳಾಸ ಬದಲಾಗದಂತೆ ಹಿಡಿದಿಡುವುದು. ಇದಕ್ಕೆ ಪುಸ್ತಕಗಳಲ್ಲಿ ಕಾಣುವ ಮಾರಾಟಗಾರರ ಕಮಿಷನ್ನಿನ ಉದಾಹರಣೆಗಿಂತ, ಮೆಕ್ಕೆಜೋಳದ ಸೀಮೆಯಾದ ನಮ್ಮ ಜಿಲ್ಲೆಯ ಮಕ್ಕಳಿಗೆ ಎಪಿಎಂಸಿಯ ಹಮಾಲಿ ಲೆಕ್ಕ ಬೇಗ ತಲೆಗೆ ಹತ್ತುತ್ತದೆ. ಎ ಕಾಲಮ್ಮಿನಲ್ಲಿ ಆರು ಮಂದಿ ರೈತರ ಕಲ್ಪಿತ ಹೆಸರುಗಳು, ಬಿ ಕಾಲಮ್ಮಿನಲ್ಲಿ ಅವರು ತಂದ ಮೆಕ್ಕೆಜೋಳದ ಚೀಲಗಳ ಸಂಖ್ಯೆ, ಎಫ್1 ಸೆಲ್ಲಿನಲ್ಲಿ ಒಂದು ಚೀಲಕ್ಕೆ ಹಮಾಲಿ 10 ರೂಪಾಯಿ ಎಂದು ಇಟ್ಟುಕೊಳ್ಳೋಣ. ಸಿ2ರಲ್ಲಿ =ಬಿ2*ಎಫ್1 ಎಂದು ಬರೆದು ಎಂಟರ್ ಒತ್ತಿದರೆ, ಮೊದಲ ರೈತನ 40 ಚೀಲಕ್ಕೆ 400 ಎಂಬ ಸರಿಯಾದ ಉತ್ತರವೇ ಬರುತ್ತದೆ. ಈಗ ಸಿ2ರ ಬಲಗಡೆಯ ಕೆಳಮೂಲೆಯ ಪುಟ್ಟ ಚೌಕವನ್ನು ಹಿಡಿದು ಸಿ7ರವರೆಗೆ ಎಳೆಯಬೇಕು. ಉಳಿದ ಐದೂ ಸಾಲುಗಳಲ್ಲಿ ಸೊನ್ನೆ ಕಾಣಿಸಿಕೊಳ್ಳುತ್ತದೆ.

ವಿಡಿಯೊದಲ್ಲಿ ಮೊದಲನೆಯ ನಿಲುಗಡೆ ಬರಬೇಕಾದದ್ದು ಇಲ್ಲಿ, ಉತ್ತರ ಹೇಳುವುದಕ್ಕೆ ಮುಂಚೆ. 'ವಿಡಿಯೊ ನಿಲ್ಲಿಸ್ರಿ. ನಿಮ್ಮ ಹಾಳೆಯಲ್ಲೂ ಸೊನ್ನೆ ಬಂತೇನು? ಸಿ3ರ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಸೂತ್ರ ಏನಾಗೈತಿ ನೋಡ್ರಿ' ಎಂದು ಹೇಳಿ, ಮೂರು ನಾಲ್ಕು ಸೆಕೆಂಡು ಸುಮ್ಮನಿರಬೇಕು. ನಿಲ್ಲಿಸಿ ನೋಡಿದವರಿಗೆ ಅಲ್ಲಿ =ಬಿ3*ಎಫ್2 ಎಂದು ಕಾಣುತ್ತದೆ; ಎಫ್2 ಖಾಲಿ ಸೆಲ್, ಖಾಲಿಯಿಂದ ಗುಣಿಸಿದರೆ ಸೊನ್ನೆ. ಕಾರಣವನ್ನು ತಾವೇ ಕಂಡುಕೊಂಡ ಮೇಲೆ, ಮತ್ತೆ ಸಿ2ಕ್ಕೆ ಬಂದು, ಸೂತ್ರದೊಳಗೆ ಎಫ್1ರ ಮೇಲೆ ಕರ್ಸರ್ ಇಟ್ಟು, ಎಫ್4 ಕೀಲಿಯನ್ನು ಒತ್ತಿ =ಬಿ2*$ಎಫ್$1 ಮಾಡಿಸಿ, ಇನ್ನೊಮ್ಮೆ ಕೆಳಗೆಳೆಯಿಸಬೇಕು. (ಎಫ್1 ಸೆಲ್ಲಿನ ಹೆಸರು, ಎಫ್4 ಕೀಲಿಯ ಹೆಸರು, ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಹೊಸಬರು ಗೊಂದಲಕ್ಕೆ ಬೀಳುತ್ತಾರೆ. ಆದ್ದರಿಂದ 'ಕೀಲಿಮಣೆಯ ಮೇಲಿನ ಸಾಲಿನಲ್ಲಿರುವ ಎಫ್4' ಎಂದು ಬಿಡಿಸಿ ಹೇಳಬೇಕು. ಕೆಲವು ಲ್ಯಾಪ್‌ಟಾಪುಗಳಲ್ಲಿ ಜೊತೆಗೆ ಎಫ್‌ಎನ್ ಕೀಲಿಯನ್ನೂ ಒತ್ತಬೇಕಾಗುತ್ತದೆ.) ಕೊನೆಯಲ್ಲಿ ಎಫ್1ರಲ್ಲಿ 10ರ ಬದಲು 12 ಹಾಕಿ, ಆರೂ ಸಾಲುಗಳು ಒಟ್ಟಿಗೆ ಬದಲಾಗುವುದನ್ನು ತೋರಿಸಿದರೆ ಪಾಠ ಮುಗಿಯಿತು. ಇಷ್ಟಕ್ಕೆ ನಾಲ್ಕು ನಿಮಿಷ ಸಾಕು.

ಇಲ್ಲಿ ಗಮನಿಸಬೇಕಾದದ್ದು, ಸೊನ್ನೆ ಬರುವ ತಪ್ಪು ದಾರಿಯನ್ನು ನಾವು ಬೇಕೆಂದೇ ತುಳಿದೆವು. ಎಲ್ಲವೂ ಸರಿಯಾಗಿಯೇ ನಡೆಯುವ ವಿಡಿಯೊವನ್ನು ನೋಡಿದ ವಿದ್ಯಾರ್ಥಿಯು ತನ್ನ ಯಂತ್ರದಲ್ಲಿ ಸೊನ್ನೆ ಬಂದಾಗ ಏನು ಮಾಡಬೇಕೆಂದು ತಿಳಿಯದೆ ಕೈಕಟ್ಟಿ ಕುಳಿತುಕೊಳ್ಳುತ್ತಾನೆ. ಸಾಮಾನ್ಯವಾಗಿ ಆಗುವ ತಪ್ಪನ್ನೂ ಅದರಿಂದ ಹೊರಬರುವ ಬಗೆಯನ್ನೂ ತೋರಿಸದ ವಿಡಿಯೊ ಅರ್ಧ ಪಾಠ ಮಾತ್ರ.

ಉದ್ದದ ವಿಷಯಕ್ಕೆ ಬಂದರೆ, ಫಿಲಿಪ್ ಗುವೊ ಮತ್ತು ಸಂಗಡಿಗರು ಎಡ್‌ಎಕ್ಸ್ ಎಂಬ ಆನ್‌ಲೈನ್ ಕಲಿಕೆಯ ತಾಣದ ಪಾಠಗಳನ್ನು ಕುರಿತು 2014ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೆನೆಯಬೇಕು. ಸುಮಾರು 69 ಲಕ್ಷ ವೀಕ್ಷಣೆಗಳನ್ನು ಪರಿಶೀಲಿಸಿದ ಅವರು, ವಿಡಿಯೊ ಎಷ್ಟೇ ಉದ್ದವಿದ್ದರೂ ವಿದ್ಯಾರ್ಥಿಗಳು ಅದರಲ್ಲಿ ತೊಡಗುವ ಮಧ್ಯಮ ಅವಧಿ ಹೆಚ್ಚೆಂದರೆ 6 ನಿಮಿಷ ಎಂದು ಕಂಡುಕೊಂಡರು. ಪರದೆಯ ಮಾಹಿತಿ ಕಾಗದದ ಮೇಲಿನ ಬರಹದಂತೆ ನಿಂತು ಕಾಯುವುದಿಲ್ಲ, ಕಣ್ಣ ಮುಂದಿನಿಂದ ಸರಿದು ಹೋಗುತ್ತದೆ; ಹಿಂದಿನ ಹೆಜ್ಜೆಯನ್ನು ನೆನಪಿಟ್ಟುಕೊಂಡೇ ಮುಂದಿನದನ್ನು ಅರ್ಥಮಾಡಿಕೊಳ್ಳಬೇಕಾದ ಹೊರೆ ಕಲಿಯುವವನ ಮೇಲೆ ಬೀಳುತ್ತದೆ. ಒಂದು ವಿಡಿಯೊಗೆ ಒಂದೇ ಕೆಲಸ ಎಂಬ ನಿಯಮವನ್ನು ಇಟ್ಟುಕೊಂಡರೆ ಉದ್ದ ತಾನಾಗಿಯೇ ಹಿಡಿತಕ್ಕೆ ಬರುತ್ತದೆ.

ಮಾತಿನ ಧಾಟಿ

ಸ್ವಾಗತ, ಪೀಠಿಕೆ, 'ಚಾನೆಲ್ ಸಬ್‌ಸ್ಕ್ರೈಬ್ ಮಾಡಿ' ಎಂಬ ವಿನಂತಿ ಇವೆಲ್ಲವನ್ನೂ ಬಿಟ್ಟು, 'ಈ ಪಾಠ ಮುಗಿಯುವ ಹೊತ್ತಿಗೆ ನೀವು ಇದನ್ನು ಮಾಡಿರುತ್ತೀರಿ' ಎಂದು ಮೊದಲ ಹತ್ತು ಸೆಕೆಂಡಿನಲ್ಲಿ ಸಿದ್ಧವಾದ ಹಾಳೆಯನ್ನೇ ತೋರಿಸಿ ಕೆಲಸಕ್ಕೆ ಇಳಿಯಬೇಕು. ಹಿನ್ನೆಲೆ ಸಂಗೀತ ಖಂಡಿತ ಬೇಡ. ಮಲ್ಟಿಮೀಡಿಯಾ ಕಲಿಕೆಯ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ ರಿಚರ್ಡ್ ಮೇಯರ್ ತೋರಿಸಿರುವಂತೆ, ಪಾಠಕ್ಕೆ ಸಂಬಂಧವಿಲ್ಲದ ಸದ್ದು ಮತ್ತು ಅಲಂಕಾರಗಳು ಕಲಿಕೆಯನ್ನು ಕುಗ್ಗಿಸುತ್ತವೆ. ಚಿತ್ರದ ಜೊತೆಗೆ ಮಾತು ಚೆನ್ನಾಗಿ ಹೊಂದುತ್ತದೆ, ಅದೇ ಮಾತನ್ನು ಪರದೆಯ ಮೇಲೂ ಉದ್ದುದ್ದ ಬರೆದು ಓದಿದರೆ ಗಮನ ಒಡೆಯುತ್ತದೆ. ಗ್ರಂಥಸ್ಥ ಶೈಲಿಗಿಂತ ಎದುರಿಗೆ ಕೂತು ಮಾತಾಡಿದಂಥ ಶೈಲಿಯಿಂದ ಹೆಚ್ಚು ಕಲಿಯುತ್ತಾರೆ. ಈ ಕೊನೆಯ ಅಂಶ ನಮಗೆ ಬಹಳ ಮುಖ್ಯ. ಬರಹವನ್ನು ಶಿಸ್ತಾಗಿಯೇ ಬರೆದುಕೊಂಡರೂ ಹೇಳುವಾಗ 'ಕ್ಲಿಕ್ಕಿಸತಕ್ಕದ್ದು' ಎನ್ನುವ ಬದಲು ತರಗತಿಯಲ್ಲಿ ಹೇಳುವ ಹಾಗೆಯೇ 'ಕ್ಲಿಕ್ ಮಾಡ್ರಿ' ಎನ್ನಬೇಕು. ನಮ್ಮ ಕಡೆಯ ಮಕ್ಕಳಿಗೆ ಆ ದನಿ ಕೇಳಿದೊಡನೆ ತಮ್ಮ ಮೇಷ್ಟರೇ ಪಕ್ಕದಲ್ಲಿ ಇದ್ದಾರೆ ಎನಿಸುತ್ತದೆ, ಮತ್ತು ಎಲ್ಲಿಯೋ ಮಾಡಿದ ಚೊಕ್ಕ ವಿಡಿಯೊಗಿಂತ ನಾವು ಮಾಡಿದ ಸಾಧಾರಣ ವಿಡಿಯೊ ಅವರಿಗೆ ಹೆಚ್ಚು ದಕ್ಕಲು ಇದೂ ಒಂದು ಕಾರಣ ಎಂದು ನಾನು ನಂಬುತ್ತೇನೆ. ಮೆನುಗಳ ಹೆಸರುಗಳನ್ನು ಮಾತ್ರ ಪರದೆಯ ಮೇಲೆ ಹೇಗಿವೆಯೋ ಹಾಗೆಯೇ ಹೇಳಬೇಕು. 'ಸೇವ್ ಆ್ಯಸ್' ಎಂದು ಕಾಣುವಲ್ಲಿ ಬೇರೇನನ್ನೋ ಹೇಳಿದರೆ ಮಕ್ಕಳ ಕಣ್ಣು ಅದನ್ನು ಹುಡುಕುತ್ತ ಅಲೆಯುತ್ತದೆ.

ಮೌಸ್ ಅನ್ನು ಮಾತು ಮುಗಿದ ಮೇಲೆ ಸರಿಸಬೇಕು. 'ಈಗ ಡೇಟಾ ಮೆನುವಿಗೆ ಹೋಗೋಣ' ಎಂದು ಹೇಳಿ, ಆಮೇಲೆ ಬಾಣವನ್ನು ನಿಧಾನವಾಗಿ ಅಲ್ಲಿಗೆ ಒಯ್ದು, ಅರ್ಧ ಸೆಕೆಂಡು ನಿಂತು ಕ್ಲಿಕ್ ಮಾಡಿದರೆ ನೋಡುವವರ ಕಣ್ಣಿಗೆ ಹಿಂಬಾಲಿಸಲು ಅವಕಾಶವಿರುತ್ತದೆ. ಮಾತಾಡುತ್ತ ಬಾಣವನ್ನು ಸುಮ್ಮನೆ ಸುತ್ತಿಸುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ. ಅದನ್ನು ಪ್ರಯತ್ನಪಟ್ಟು ಬಿಡಬೇಕು.

ಪರದೆಯನ್ನು ಅಣಿಗೊಳಿಸುವುದು

ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಈ ವಿಡಿಯೊಗಳನ್ನು ನೋಡುವುದು ಮೊಬೈಲಿನಲ್ಲಿ, ಅದೂ ಒಮ್ಮೊಮ್ಮೆ ಓಲಾಡುವ ಬಸ್ಸಿನಲ್ಲಿ ಕುಳಿತು. ದೊಡ್ಡ ಮಾನಿಟರಿನ 1920 ಅಡ್ಡ 1080 ಪಿಕ್ಸೆಲ್‌ಗಳ ಪರದೆಯನ್ನು ಇದ್ದ ಹಾಗೆಯೇ ಮುದ್ರಿಸಿದರೆ, ಅಂಗೈಯಗಲದ ಪರದೆಯಲ್ಲಿ ಸೆಲ್ಲಿನೊಳಗಿನ ಅಂಕಿ ಇರುವೆಯಷ್ಟಾಗುತ್ತದೆ. ಆದ್ದರಿಂದ ರೆಕಾರ್ಡಿಂಗಿಗೆ ಮೊದಲು ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರೆಸಲ್ಯೂಷನ್ನನ್ನು 1280 ಅಡ್ಡ 720ಕ್ಕೆ ಇಳಿಸಿ, ತಂತ್ರಾಂಶದೊಳಗಿನ ಜೂಮನ್ನು ಶೇಕಡ 150ರಿಂದ 200ರವರೆಗೆ ಏರಿಸಿಕೊಳ್ಳಬೇಕು. ಬಳಸದ ಪಟ್ಟಿಗಳನ್ನೂ ಪಕ್ಕದ ಕಿಟಕಿಗಳನ್ನೂ ಮುಚ್ಚಬೇಕು. ಅರ್ಧ ನಿಮಿಷ ಮುದ್ರಿಸಿ, ನಮ್ಮದೇ ಮೊಬೈಲಿಗೆ ಕಳುಹಿಸಿಕೊಂಡು, ಕೈಚಾಚಿ ಹಿಡಿದು ನೋಡಿದಾಗ ಸೂತ್ರ ಸ್ಪಷ್ಟವಾಗಿ ಓದಲು ಬಂದರೆ ಮಾತ್ರ ಮುಂದುವರಿಯಬೇಕು. ಈ ಪರೀಕ್ಷೆಯನ್ನು ಯಾರೂ ಬಿಡಬಾರದು.

ಇದಕ್ಕಿಂತ ಗಂಭೀರವಾದ ಸಂಗತಿ ಮಾಹಿತಿಯ ಗೋಪ್ಯತೆ. ಪಾಠದ ನಡುವೆ ಪರದೆಯ ಮೂಲೆಯಲ್ಲಿ ಇಣುಕುವ ಒಟಿಪಿ, ವಾಟ್ಸ್‌ಆ್ಯಪ್ ಸಂದೇಶ, ಬ್ರೌಸರಿನಲ್ಲಿ ತೆರೆದಿಟ್ಟ ಬ್ಯಾಂಕಿನ ಪುಟ ಎಲ್ಲವೂ ವಿಡಿಯೊದಲ್ಲಿ ಶಾಶ್ವತವಾಗಿ ಉಳಿಯುತ್ತವೆ. ಶಾಲೆಯ ಸಹೋದ್ಯೋಗಿಗಳಿಗೆ, ಶಾಲಾ ಮಕ್ಕಳ ವಿವರಗಳನ್ನು ದಾಖಲಿಸುವ ಸರ್ಕಾರಿ ತಾಣಗಳಾದ ಸ್ಯಾಟ್ಸ್ ಅಥವಾ ಯುಡೈಸ್ ಪ್ಲಸ್‌ನಲ್ಲಿ ಮಾಹಿತಿ ತುಂಬುವುದನ್ನು ಕಲಿಸಲು ವಿಡಿಯೊ ಮಾಡುವವರು ವಿಶೇಷ ಎಚ್ಚರ ವಹಿಸಬೇಕು, ಏಕೆಂದರೆ ಅಲ್ಲಿ ಮಕ್ಕಳ ಹೆಸರು, ಜನ್ಮದಿನಾಂಕ, ಜಾತಿ, ತಂದೆತಾಯಿಯರ ವಿವರಗಳೆಲ್ಲ ಪರದೆಯ ಮೇಲೆಯೇ ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಕ್ಕಳ ಮಾಹಿತಿಯನ್ನು ಬಳಸುವುದಕ್ಕೆ ಪೋಷಕರ ಒಪ್ಪಿಗೆಯನ್ನು ಕೇಳುತ್ತದೆ. ಕಾಯ್ದೆಯ ಮಾತು ಹಾಗಿರಲಿ, ನಮ್ಮನ್ನು ನಂಬಿ ಶಾಲೆಗೆ ಕಳುಹಿಸಿದವರ ಮಕ್ಕಳ ವಿವರವನ್ನು ಗುಂಪಿನಿಂದ ಗುಂಪಿಗೆ ಹರಿದಾಡಲು ಬಿಡುವುದು ಸರಿಯಲ್ಲ. ಅಭ್ಯಾಸಕ್ಕೆಂದೇ ಕಲ್ಪಿತ ಹೆಸರು ಮತ್ತು ಅಂಕಿಗಳ ಕಡತವೊಂದನ್ನು ಮಾಡಿಟ್ಟುಕೊಳ್ಳಬೇಕು. ನಿಜವಾದ ತಾಣವನ್ನೇ ತೋರಿಸಬೇಕಾದಲ್ಲಿ ಸಂಪಾದನೆಯ ಹೊತ್ತಿಗೆ ಆ ಭಾಗವನ್ನು ಪೂರ್ತಿಯಾಗಿ ಕಪ್ಪು ಪಟ್ಟಿಯಿಂದ ಮುಚ್ಚಬೇಕು. ರೆಕಾರ್ಡಿಂಗ್ ಶುರುಮಾಡುವ ಮೊದಲು ನೋಟಿಫಿಕೇಷನ್ನುಗಳನ್ನು ಆಫ್ ಮಾಡುವುದು ಕೈಗೆ ಅಭ್ಯಾಸವಾಗಿಬಿಡಬೇಕು.

ಯಾವ ತಂತ್ರಾಂಶ

ಹಣ ಖರ್ಚು ಮಾಡಬೇಕಾಗಿಲ್ಲ. ವಿಂಡೋಸ್ 11ರ ಸ್ನಿಪ್ಪಿಂಗ್ ಟೂಲಿನಲ್ಲಿಯೇ ರೆಕಾರ್ಡಿಂಗ್ ಸೌಲಭ್ಯವಿದೆ. ವಿಂಡೋಸ್ 10ರಲ್ಲಿ ವಿಂಡೋಸ್ ಕೀಲಿ ಮತ್ತು ಜಿ ಒತ್ತಿದರೆ ಗೇಮ್ ಬಾರ್ ತೆರೆಯುತ್ತದೆ, ಆದರೆ ಅದು ಒಂದು ತಂತ್ರಾಂಶದ ಕಿಟಕಿಯನ್ನು ಮಾತ್ರ ಮುದ್ರಿಸುತ್ತದೆ. ಡೆಸ್ಕ್‌ಟಾಪನ್ನಾಗಲಿ ಫೈಲ್ ಎಕ್ಸ್‌ಪ್ಲೋರರನ್ನಾಗಲಿ ಮುದ್ರಿಸುವುದಿಲ್ಲ. ಆಂಡ್ರಾಯ್ಡ್ 11 ಮತ್ತು ಅದರ ನಂತರದ ಮೊಬೈಲುಗಳಲ್ಲಿ ಮೇಲಿನಿಂದ ಎಳೆಯುವ ಪಟ್ಟಿಯಲ್ಲಿಯೇ ಸ್ಕ್ರೀನ್ ರೆಕಾರ್ಡರ್ ಸಿಗುತ್ತದೆ. ಉಬುಂಟು ಬಳಸುವ ಲ್ಯಾಬುಗಳಲ್ಲಿ ಅದರೊಳಗಿರುವ ರೆಕಾರ್ಡರ್ ಧ್ವನಿಯನ್ನು ಹಿಡಿಯುವುದಿಲ್ಲವಾದ್ದರಿಂದ ಬೇರೆ ತಂತ್ರಾಂಶವನ್ನು ಹಾಕಿಕೊಳ್ಳಬೇಕಾಗುತ್ತದೆ.

ನನ್ನ ಆಯ್ಕೆ ಒಬಿಎಸ್ ಸ್ಟುಡಿಯೊ. ಅದು ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ, ವಿಡಿಯೊದ ಮೇಲೆ ತನ್ನ ಹೆಸರನ್ನು ಅಚ್ಚೊತ್ತುವುದಿಲ್ಲ. ಮೊದಲ ನೋಟಕ್ಕೆ ಗುಂಡಿಗಳು ಬಹಳವೆನಿಸಿದರೂ ನಮಗೆ ಬೇಕಾದದ್ದು ಕೆಲವೇ. ಕೆಳಗಿನ ಸೋರ್ಸಸ್ ಪೆಟ್ಟಿಗೆಯಲ್ಲಿ ಕೂಡಿಸುವ ಚಿಹ್ನೆಯನ್ನು ಒತ್ತಿ, ಇಡೀ ಪರದೆಗೆ ಡಿಸ್‌ಪ್ಲೇ ಕ್ಯಾಪ್ಚರ್ ಅಥವಾ ಒಂದೇ ಕಿಟಕಿಗೆ ವಿಂಡೋ ಕ್ಯಾಪ್ಚರ್ ಆರಿಸಿಕೊಳ್ಳಬೇಕು. ಗೋಪ್ಯತೆಯ ದೃಷ್ಟಿಯಿಂದ ಎರಡನೆಯದು ಲೇಸು. ಆಡಿಯೊ ಮಿಕ್ಸರಿನಲ್ಲಿ ನಾವು ಮಾತಾಡಿದಾಗ ಮೈಕಿನ ಪಟ್ಟಿ ಹಳದಿಯವರೆಗೆ ಏರಬೇಕು, ಕೆಂಪನ್ನು ಮುಟ್ಟಬಾರದು. ರೆಕಾರ್ಡಿಂಗ್ ಫಾರ್ಮ್ಯಾಟನ್ನು ಎಂಕೆವಿ ಎಂದು ಇಟ್ಟುಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ. ಬೇಸಿಗೆಯ ಮಧ್ಯಾಹ್ನ ರೆಕಾರ್ಡಿಂಗ್ ನಡೆಯುತ್ತಿರುವಾಗ ಕರೆಂಟ್ ಹೋದರೆ, ಸಾಮಾನ್ಯ ಎಂಪಿ4 ಕಡತ ಅಪೂರ್ಣವಾಗಿ ಉಳಿದು ತೆರೆಯಲಿಕ್ಕೇ ಬಾರದಂತಾಗಬಹುದು. ಎಂಕೆವಿಯಾದರೆ ಅಲ್ಲಿಯವರೆಗೆ ಆದದ್ದು ಉಳಿಯುತ್ತದೆ. ಆಮೇಲೆ ಫೈಲ್ ಮೆನುವಿನ ರಿಮಕ್ಸ್ ರೆಕಾರ್ಡಿಂಗ್ಸ್ ಮೂಲಕ ಅದನ್ನು ಗುಣಮಟ್ಟ ಕೆಡದಂತೆ ಎಂಪಿ4 ಮಾಡಿಕೊಳ್ಳಬಹುದು. ಲೆಕ್ಕದ ಹಾಳೆಯಂಥ ಹೆಚ್ಚು ಚಲನೆಯಿಲ್ಲದ ಪಾಠಕ್ಕೆ ಸೆಕೆಂಡಿಗೆ 15 ಫ್ರೇಮುಗಳು ಸಾಲುತ್ತವೆ, ಬಿಟ್‌ರೇಟನ್ನು, ಅಂದರೆ ಪ್ರತಿ ಸೆಕೆಂಡಿನ ವಿಡಿಯೊಗೆ ಬಳಸುವ ದತ್ತಾಂಶದ ಪ್ರಮಾಣವನ್ನು, ಸೆಕೆಂಡಿಗೆ ಸುಮಾರು 1 ಮೆಗಾಬಿಟ್ಟಿಗೆ ಇಳಿಸಿದರೂ ಅಕ್ಷರಗಳು ಓದಲು ಬರುತ್ತವೆ. ಆ ಲೆಕ್ಕದಲ್ಲಿ 5 ನಿಮಿಷದ ಪಾಠ 40 ಎಂಬಿಯ ಆಸುಪಾಸಿನಲ್ಲಿರುತ್ತದೆ.

ಧ್ವನಿ

ಚಿತ್ರ ತುಸು ಮಂಕಾದರೆ ವಿದ್ಯಾರ್ಥಿ ಸಹಿಸುತ್ತಾನೆ, ಮಾತು ಕೇಳಿಸದಿದ್ದರೆ ವಿಡಿಯೊವನ್ನು ಮುಚ್ಚಿಬಿಡುತ್ತಾನೆ. ಮೊಬೈಲಿನ ಜೊತೆಗೆ ಬರುವ ಇಯರ್‌ಫೋನಿನ ಮೈಕು ಲ್ಯಾಪ್‌ಟಾಪಿನೊಳಗಿನ ಮೈಕಿಗಿಂತ ಬಹುಪಾಲು ಚೆನ್ನಾಗಿಯೇ ಹಿಡಿಯುತ್ತದೆ. ಅದನ್ನು ಬಾಯಿಗೆ ನೇರವಾಗಿ ಹಿಡಿಯದೆ ಗದ್ದದ ಪಕ್ಕದಲ್ಲಿರಿಸಿಕೊಂಡರೆ ಉಸಿರಿನ ಸದ್ದು ಬೀಳುವುದಿಲ್ಲ. ಫ್ಯಾನ್ ಆಫ್ ಮಾಡಲೇಬೇಕು, ಬೇಸಿಗೆಯ ದಾವಣಗೆರೆಯಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದ ವಾಹನಗಳ ಸದ್ದೂ ಬಿಸಿಲೂ ಏರದ ಮುಂಜಾನೆಯ ಹೊತ್ತೇ ರೆಕಾರ್ಡಿಂಗಿಗೆ ಒಳ್ಳೆಯದು. ಖಾಲಿ ಗೋಡೆಗಳ ಲ್ಯಾಬಿಗಿಂತ ಹಾಸಿಗೆ, ಪರದೆಬಟ್ಟೆ, ಬೀರುಗಳಿರುವ ಮನೆಯ ಕೋಣೆಯಲ್ಲಿ ಮಾತು ಮಾರ್ದನಿಸುವುದಿಲ್ಲ. ಶುರುವಿನಲ್ಲಿ ಐದು ಸೆಕೆಂಡು ಏನೂ ಮಾತಾಡದೆ ಕೋಣೆಯ ಮೌನವನ್ನೇ ಮುದ್ರಿಸಿಕೊಂಡರೆ, ಧ್ವನಿಯನ್ನು ಸಂಪಾದಿಸುವ ಅಡಾಸಿಟಿ ತಂತ್ರಾಂಶದ ನಾಯ್ಸ್ ರಿಡಕ್ಷನ್ನಿಗೆ ಅದನ್ನೇ ಮಾದರಿಯಾಗಿ ಕೊಟ್ಟು ಉಳಿದ ಭಾಗದ ಗುಂಯ್‌ಗುಟ್ಟುವಿಕೆಯನ್ನು ತಗ್ಗಿಸಬಹುದು.

ಕಾಣದ ಬೆರಳುಗಳು: ನುಡಿ ಟೈಪಿಂಗ್ ಕಲಿಸುವಾಗ

ಸ್ಕ್ರೀನ್ ರೆಕಾರ್ಡಿಂಗಿನ ದೊಡ್ಡ ಕೊರತೆಯೆಂದರೆ ಅದು ಪರದೆಯನ್ನು ತೋರಿಸುತ್ತದೆಯೇ ಹೊರತು ಕೈಯನ್ನಲ್ಲ. ಕನ್ನಡ ಟೈಪಿಂಗಿನಲ್ಲಿ ಇದು ಪಾಠವನ್ನೇ ಕೆಡಿಸಬಲ್ಲದು. ಸರ್ಕಾರಿ ಕಚೇರಿಯ ಕೆಲಸದ ಆಸೆಯಿಂದ ನುಡಿ ಕಲಿಯಲು ಬರುವವರಿಗೆ, 'ಕನ್ನಡ' ಎಂಬ ಪದ ಪರದೆಯ ಮೇಲೆ ಮೂಡುವುದನ್ನು ಎಷ್ಟು ಸಲ ತೋರಿಸಿದರೂ ಅದು ಹೇಗೆ ಮೂಡಿತೆಂದು ತಿಳಿಯುವುದಿಲ್ಲ. ಒತ್ತಬೇಕಾದ ಕೀಲಿಗಳು ಕ್ರಮವಾಗಿ ಕೆ, ಎನ್, ಎಫ್, ಎನ್, ಡಬ್ಲ್ಯು. ನಡುವಿನ ಎಫ್ ಕೀಲಿ ಅರ್ಧಾಕ್ಷರವನ್ನು ಮಾಡಿ ಒತ್ತಕ್ಷರಕ್ಕೆ ಕೊಂಡಿಯಾಗುತ್ತದೆ, ಡಬ್ಲ್ಯು ಎಂಬುದು ಇಲ್ಲಿ 'ಡ'. ವೇಗವಾಗಿ ಟೈಪ್ ಮಾಡಿದರೆ 'ಕನ್' ಎಂಬ ನಡುವಿನ ರೂಪ ಕಣ್ಣಿಗೆ ಬೀಳುವುದೇ ಇಲ್ಲ, ಎಫ್ ಒತ್ತಿದ್ದು ಗೊತ್ತಾಗುವುದೂ ಇಲ್ಲ.

ಇದಕ್ಕೆ ಮೂರು ಉಪಾಯಗಳಿವೆ. ಮೊದಲನೆಯದು, ಪ್ರತಿ ಕೀಲಿಯ ಹೆಸರನ್ನು ಬಾಯಿಬಿಟ್ಟು ಹೇಳಿ, ಒತ್ತಿ, ಫಲವನ್ನು ನೋಡಲು ಕ್ಷಣ ತಡೆಯುವುದು. ಎರಡನೆಯದು, ಒತ್ತಿದ ಕೀಲಿಯನ್ನು ಪರದೆಯ ಮೂಲೆಯಲ್ಲಿ ತೋರಿಸುವ ಉಚಿತ ತಂತ್ರಾಂಶಗಳನ್ನು ಬಳಸುವುದು; ವಿಂಡೋಸಿಗೆ ಕಾರ್ನಾಕ್, ಲಿನಕ್ಸಿಗೆ ಸ್ಕ್ರೀನ್‌ಕೀ ಎಂಬವು ಇವೆ. ಮೂರನೆಯದು, ಮೊಬೈಲನ್ನು ಮೇಲಿನಿಂದ ಕೀಲಿಮಣೆಯತ್ತ ತಿರುಗಿಸಿ ನಿಲ್ಲಿಸಿ, ಬೆರಳುಗಳನ್ನೇ ಚಿತ್ರೀಕರಿಸಿ, ಒಬಿಎಸ್‌ನಲ್ಲಿ ಅಥವಾ ಸಂಪಾದನೆಯ ಹೊತ್ತಿಗೆ ಪರದೆಯ ಕೆಳಭಾಗದಲ್ಲಿ ಜೋಡಿಸುವುದು. ಟೈಪಿಂಗಿನ ಮೊದಲ ಪಾಠಗಳಿಗೆ ಮೂರನೆಯದೇ ಉತ್ತಮ, ಏಕೆಂದರೆ ಯಾವ ಕೀಲಿ ಎಂಬುದಷ್ಟೇ ಅಲ್ಲ, ಯಾವ ಬೆರಳು ಎಂಬುದೂ ಅಲ್ಲಿ ಕಲಿಯಬೇಕಾದ ವಿಷಯ. ಶಿಕ್ಷಕರ ಮುಖವನ್ನು ಮೂಲೆಯಲ್ಲಿ ತೋರಿಸುವುದಕ್ಕಿಂತ ಬೆರಳನ್ನು ತೋರಿಸುವುದು ಹೆಚ್ಚು ಉಪಕಾರಿ.

ತರಗತಿಯಲ್ಲಿ

ವಿಡಿಯೊ ಸಿದ್ಧವಾದ ಮಾತ್ರಕ್ಕೆ ಶಿಕ್ಷಕರ ಕೆಲಸ ಮುಗಿಯುವುದಿಲ್ಲ, ಅದರ ಸ್ವರೂಪ ಬದಲಾಗುತ್ತದೆ. ಲ್ಯಾಬಿನಲ್ಲಿ ಪ್ರೊಜೆಕ್ಟರಿನ ಮೇಲೆ ಎಲ್ಲರಿಗೂ ಒಟ್ಟಿಗೆ ವಿಡಿಯೊ ಹಾಕಿ ತೋರಿಸುವುದು ನನ್ನ ದೃಷ್ಟಿಯಲ್ಲಿ ಅದರ ಅತ್ಯಂತ ಕೆಟ್ಟ ಬಳಕೆ. ನಿಲ್ಲಿಸುವ ಅಧಿಕಾರ ಆಗ ಮತ್ತೆ ಒಬ್ಬರ ಕೈಗೇ ಹೋಗುತ್ತದೆ. ಬದಲಿಗೆ ಪ್ರತಿ ಯಂತ್ರದಲ್ಲಿಯೂ ವಿಡಿಯೊವನ್ನು ಇಟ್ಟು, ಪರದೆಯ ಎಡಭಾಗದಲ್ಲಿ ವಿಡಿಯೊ, ಬಲಭಾಗದಲ್ಲಿ ಅಭ್ಯಾಸದ ಹಾಳೆ ಹೀಗೆ ಪಕ್ಕಪಕ್ಕದಲ್ಲಿ ತೆರೆಸಬೇಕು. ವಿಂಡೋಸಿನಲ್ಲಿ ವಿಂಡೋಸ್ ಕೀಲಿಯ ಜೊತೆ ಎಡ ಅಥವಾ ಬಲ ಬಾಣದ ಕೀಲಿಯನ್ನು ಒತ್ತಿದರೆ ಕಿಟಕಿಗಳು ಹಾಗೆ ಕೂಡುತ್ತವೆ. ಸ್ಪೇಸ್ ಬಾರ್ ಒತ್ತಿದರೆ ವಿಡಿಯೊ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದರೆ ಮುಂದುವರಿಯುತ್ತದೆ ಎಂಬುದನ್ನು ಮೊದಲ ದಿನವೇ ಎಲ್ಲರ ಕೈಯಲ್ಲಿ ಮಾಡಿಸಬೇಕು. ವಿಡಿಯೊ ನೋಡುವ ವಿಎಲ್‌ಸಿ ತಂತ್ರಾಂಶದಲ್ಲಿ [ ಮತ್ತು ] ಎಂಬ ಚೌಕಾವರಣ ಚಿಹ್ನೆಗಳ ಕೀಲಿಗಳಿಂದ ವೇಗವನ್ನು ತಗ್ಗಿಸಿ ಏರಿಸಬಹುದೆಂದು ತಿಳಿದರೆ ನಿಧಾನವಾಗಿ ಕಲಿಯುವವರು ಯಾರ ಮುಖವನ್ನೂ ನೋಡದೆ ತಮ್ಮ ಗತಿಯಲ್ಲಿ ಹೋಗುತ್ತಾರೆ. ಒಂದೇ ಯಂತ್ರದ ಮುಂದೆ ಇಬ್ಬರಿದ್ದರೆ ಒಬ್ಬರು ವಿಡಿಯೊವನ್ನು ನಡೆಸಿ ಹೆಜ್ಜೆಯನ್ನು ಬಾಯಿಂದ ಹೇಳಬೇಕು, ಇನ್ನೊಬ್ಬರು ಮೌಸ್ ಹಿಡಿದು ಮಾಡಬೇಕು. ಮುಂದಿನ ವಿಡಿಯೊಗೆ ಸ್ಥಾನ ಬದಲಾಗಬೇಕು. ಇಲ್ಲದಿದ್ದರೆ ಧೈರ್ಯವಂತರ ಕೈಯಲ್ಲೇ ಮೌಸ್ ಉಳಿದುಬಿಡುತ್ತದೆ, ಮತ್ತು ಹಾಗೆ ಉಳಿಯುವಾಗ ಬಿಟ್ಟುಕೊಡುವವರು ಹೆಚ್ಚಾಗಿ ಹೆಣ್ಣುಮಕ್ಕಳು ಎಂಬುದನ್ನು ಲ್ಯಾಬಿನಲ್ಲಿ ಓಡಾಡಿದ ಯಾರೂ ಅಲ್ಲಗಳೆಯಲಾರರು.

ಈ ಹೊತ್ತಿನಲ್ಲಿ ಶಿಕ್ಷಕರು ಯಂತ್ರದಿಂದ ಯಂತ್ರಕ್ಕೆ ಹೋಗಿ, ಯಾರು ಎಲ್ಲಿ ಸಿಕ್ಕಿಕೊಂಡಿದ್ದಾರೆಂದು ನೋಡಬೇಕು. ಮೂರು ನಾಲ್ಕು ಮಂದಿ ಒಂದೇ ಜಾಗದಲ್ಲಿ ನಿಂತಿದ್ದರೆ ತಪ್ಪು ವಿಡಿಯೊದಲ್ಲಿದೆ. ಆ ಕ್ಷಣವನ್ನು ಬರೆದಿಟ್ಟುಕೊಳ್ಳಬೇಕು. ಪಾಠದ ಕೊನೆಯಲ್ಲಿ ವಿಡಿಯೊದಲ್ಲಿಲ್ಲದ ಒಂದು ಸಣ್ಣ ಕೆಲಸವನ್ನು ಕೊಡುವುದು ಅಗತ್ಯ. ಹಮಾಲಿಯ ಉದಾಹರಣೆಯಲ್ಲಾದರೆ, ಎಫ್2ರಲ್ಲಿ ತೂಕದ ಕೂಲಿಯನ್ನೂ ಸೇರಿಸಿ ಡಿ ಕಾಲಮ್ಮಿನಲ್ಲಿ ಅದರ ಮೊತ್ತ ತೆಗೆಯಿರಿ ಎಂದು ಹೇಳಬಹುದು. ವಿಡಿಯೊವನ್ನು ನೋಡಿ ಕೈಯಾಡಿಸಿದವರಿಗೂ ವಿಷಯ ತಿಳಿದು ಮಾಡಿದವರಿಗೂ ಇರುವ ವ್ಯತ್ಯಾಸ ಅಲ್ಲಿ ಹೊರಬರುತ್ತದೆ. ಕಲಿತದ್ದನ್ನು ವಿದ್ಯಾರ್ಥಿಗಳೇ ಎರಡು ನಿಮಿಷದ ವಿಡಿಯೊ ಮಾಡಿ ವಿವರಿಸುವಂತೆ ಹೇಳುವುದು ಇನ್ನೂ ಒಳ್ಳೆಯ ಪರೀಕ್ಷೆ. ಮೊಬೈಲಿನ ರೆಕಾರ್ಡರ್ ಅದಕ್ಕೆ ಸಾಕು.

ಹಂಚುವುದು ಮತ್ತು ಕಾಪಾಡುವುದು

ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳುಹಿಸಿದರೆ ಅದು ಕಡತವನ್ನು ಕುಗ್ಗಿಸಿ ಅಕ್ಷರಗಳನ್ನು ಮಸುಕಾಗಿಸುತ್ತದೆ; ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದ ಹಾಗೆಯೇ ತಲುಪುತ್ತದೆ. ಯೂಟ್ಯೂಬಿನಲ್ಲಿ ಹಾಕುವವರು ಅನ್‌ಲಿಸ್ಟೆಡ್ ಆಯ್ಕೆಯನ್ನು ಬಳಸಿದರೆ ಕೊಂಡಿ ಇದ್ದವರಿಗೆ ಮಾತ್ರ ಕಾಣುತ್ತದೆ, ಮತ್ತು ವಿವರಣೆಯಲ್ಲಿ 0:00ರಿಂದ ಆರಂಭಿಸಿ ಕನಿಷ್ಠ ಮೂರು ಸಮಯಸೂಚಿಗಳನ್ನು ಬರೆದರೆ ವಿಡಿಯೊ ಅಧ್ಯಾಯಗಳಾಗಿ ಒಡೆದುಕೊಳ್ಳುತ್ತದೆ. ನಮ್ಮ ಪ್ರತಿ ನಿಲುಗಡೆಯೂ ಒಂದು ಅಧ್ಯಾಯವಾಗಲಿ. ಮೊಬೈಲಿನಲ್ಲಿ ಡೇಟಾ ಸಾಲದವರಿಗಾಗಿ ಲ್ಯಾಬಿನ ಯಂತ್ರಗಳಲ್ಲಿಯೂ ಗ್ರಂಥಾಲಯದ ಒಂದು ಯಂತ್ರದಲ್ಲಿಯೂ ಎಲ್ಲ ಪಾಠಗಳ ಪ್ರತಿ ಇರಬೇಕು, ಪೆನ್‌ಡ್ರೈವಿನಲ್ಲಿ ತುಂಬಿಕೊಡುವ ವ್ಯವಸ್ಥೆಯೂ ಇರಬೇಕು. ಜೊತೆಗೆ ಹೆಜ್ಜೆಗಳನ್ನು ಒಂದೇ ಪುಟದಲ್ಲಿ ಅಚ್ಚುಹಾಕಿ ಕೊಟ್ಟರೆ, ಪರೀಕ್ಷೆಯ ಹಿಂದಿನ ದಿನ ಒಂದು ಹೆಜ್ಜೆಗಾಗಿ ಇಡೀ ವಿಡಿಯೊವನ್ನು ತಡಕುವ ಕಷ್ಟ ತಪ್ಪುತ್ತದೆ. ಬರೆದಿಟ್ಟ ಮಾತುಗಳು ಹೇಗೂ ಕೈಯಲ್ಲಿರುವುದರಿಂದ ಅವನ್ನೇ ಕ್ಯಾಪ್ಷನ್ ಆಗಿ ಸೇರಿಸಬಹುದು. ಕಿವಿ ಮಂದವಿರುವ ವಿದ್ಯಾರ್ಥಿ ಒಬ್ಬನೇ ಇದ್ದರೂ ಈ ಕೆಲಸವನ್ನು ಮಾಡಬೇಕು. ಕ್ಯಾಪ್ಷನ್ನುಗಳನ್ನು ಬೇಕಾದವರು ಮಾತ್ರ ಆನ್ ಮಾಡಿಕೊಳ್ಳುವಂತೆ ಬೇರೆ ಕಡತವಾಗಿ ಇಟ್ಟರೆ ಉಳಿದವರಿಗೆ ಅಡ್ಡಿಯಾಗುವುದಿಲ್ಲ.

ಕಡತದ ಹೆಸರಿನಲ್ಲಿ ವಿಷಯ, ಪಾಠದ ಸಂಖ್ಯೆ, ತಂತ್ರಾಂಶದ ಆವೃತ್ತಿ, ಮುದ್ರಿಸಿದ ವರ್ಷ ನಾಲ್ಕೂ ಇರಲಿ. ತಂತ್ರಾಂಶಗಳಲ್ಲಿ ಮೆನುಗಳು ಜಾಗ ಬದಲಿಸುತ್ತಲೇ ಇರುತ್ತವೆ, ಸರ್ಕಾರಿ ತಾಣಗಳ ಪುಟಗಳಂತೂ ಇನ್ನೂ ಬೇಗ ಬದಲಾಗುತ್ತವೆ. ಹಳೆಯ ಪರದೆಯನ್ನು ತೋರಿಸುವ ವಿಡಿಯೊ ಹೊಸಬರನ್ನು ದಾರಿತಪ್ಪಿಸುತ್ತದೆ. ಆದ್ದರಿಂದ ಸಂಪಾದಿಸಿದ ವಿಡಿಯೊದ ಜೊತೆಗೆ ಮೂಲ ರೆಕಾರ್ಡಿಂಗ್, ಅಭ್ಯಾಸದ ಕಡತ, ಎರಡು ಕಾಲಮ್ಮಿನ ಬರಹ ಮೂರನ್ನೂ ಒಂದೇ ಫೋಲ್ಡರಿನಲ್ಲಿ ಉಳಿಸಿಕೊಳ್ಳಬೇಕು. ಪ್ರತಿ ವರ್ಷ ತರಗತಿಗಳು ಶುರುವಾಗುವ ಮುನ್ನ ಆ ಬರಹವನ್ನು ಹಿಡಿದು ಹೊಸ ಆವೃತ್ತಿಯಲ್ಲಿ ಒಮ್ಮೆ ಮಾಡಿ ನೋಡಿ, ವಿದ್ಯಾರ್ಥಿಗಳು ಹಿಂದಿನ ವರ್ಷ ಸಿಕ್ಕಿಕೊಂಡಿದ್ದ ಜಾಗಗಳನ್ನೂ ಪರದೆ ಬದಲಾದ ಜಾಗಗಳನ್ನೂ ಗುರುತುಮಾಡಿ, ಅಷ್ಟು ತುಣುಕುಗಳನ್ನು ಮಾತ್ರ ಮರುಮುದ್ರಿಸಿ ಹಳೆಯದರ ಜಾಗದಲ್ಲಿ ಜೋಡಿಸಿದರೆ ಸಾಕು.